ವದಂತಿಯ ಮುಂದೆ ನಿಷ್ಠೆ: ದಿವಾನ್ ಮಿರ್ಜಾ ಇಸ್ಮಾಯಿಲರ ಬದುಕು ನಮಗೆ ಕಲಿಸುವ ಪಾಠ

ಶುಕ್ರವಾರದ ಜುಮಾ ನಮಾಝ್ ಮುಗಿಸಿ ಜನರು ಮಸೀದಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಮೊಬೈಲುಗಳು ಜೇಬಿನಿಂದ ಹೊರಬರುತ್ತವೆ. ಖುತ್ಬಾದಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಬೆರಳುಗಳು ಯಾರದೋ ಮಾನವನ್ನು ಹರಾಜಿಗೆ ಇಡಲು ಆರಂಭಿಸುತ್ತವೆ. ನಮ್ಮ ಮೈಸೂರಿನ ಮಂಡಿ ಮೊಹಲ್ಲಾ, ಉದಯಗಿರಿ, ರಾಜೀವ್‌ನಗರಗಳಲ್ಲಿ ಈ ದೃಶ್ಯವನ್ನು ಕಾಣದವರು ಯಾರಿದ್ದಾರೆ? ಇಂಥ ನಾಯಕರು ಹಣಕ್ಕೆ ಮಾರಿಕೊಂಡರಂತೆ, ಇಂಥವರು ರಾತ್ರಿ ವಿರೋಧಿಗಳ ಮನೆಗೆ ಹೋಗಿದ್ದರಂತೆ, ಇಂಥವರ ಮನೆಯ ಹೆಣ್ಣುಮಕ್ಕಳು ಹೀಗಂತೆ ಹಾಗಂತೆ. ಪ್ರತಿ ವಾಕ್ಯದ ಕೊನೆಯಲ್ಲಿಯೂ ಒಂದು 'ಅಂತೆ'. ಹೇಳಿದವರು ಯಾರು, ಕಂಡವರು ಯಾರು, ಸಾಕ್ಷಿ ಎಲ್ಲಿದೆ ಎಂದು ಕೇಳುವವರು ವಿರಳ.

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಎರಡು ಬಗೆಯ ಜನರು ಎದ್ದು ಕಾಣುತ್ತಾರೆ. ಒಂದು ವರ್ಗದವರು ಕೇಳಿದ ಕ್ಷಣವೇ ನಂಬುತ್ತಾರೆ; ನಿನ್ನೆಯವರೆಗೆ ಹೆಗಲ ಮೇಲೆ ಹೊತ್ತು ಮೆರೆಸಿದವರನ್ನು ಇಂದು ಚರಂಡಿಗೆ ತಳ್ಳುತ್ತಾರೆ. ಇನ್ನೊಂದು ವರ್ಗದವರು ಏನೇ ಸಾಕ್ಷಿ ಬಂದರೂ ನಂಬುವುದಿಲ್ಲ. ನಮ್ಮ ನಾಯಕರನ್ನು ಪ್ರಶ್ನಿಸಿದವರೆಲ್ಲರೂ ಸಮುದಾಯದ ಶತ್ರುಗಳೆಂದು ಕೂಗುತ್ತಾರೆ. ಮೊದಲನೆಯದರಲ್ಲಿ ವಫಾದಾರಿ ಇಲ್ಲ, ಎರಡನೆಯದರಲ್ಲಿ ನ್ಯಾಯವಿಲ್ಲ. ಇಸ್ಲಾಮ್ ಕಲಿಸಿದ ದಾರಿ ಇವೆರಡೂ ಅಲ್ಲ. ಆ ದಾರಿ ಯಾವುದೆಂಬುದನ್ನು ನಮ್ಮದೇ ನಾಡಿನ ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ನಗರದ ನಜರ್‌ಬಾದಿನಲ್ಲಿ ಮಿರ್ಜಾ ರಸ್ತೆ ಎಂಬ ಹೆಸರನ್ನು ದಿನವೂ ಓದುವವರಿದ್ದಾರೆ. ಕೃಷ್ಣರಾಜಸಾಗರದ ಬೃಂದಾವನಕ್ಕೆ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯದ ಮೈಸೂರಿನ ಕುಟುಂಬವೇ ಇಲ್ಲವೆನ್ನಬಹುದು. ಆ ಉದ್ಯಾನವನ್ನು ರೂಪಿಸಿದ ಸರ್ ಮಿರ್ಜಾ ಇಸ್ಮಾಯಿಲರು 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅವರ ಅಜ್ಜ ಅಲಿ ಅಸ್ಕರ್ ಅವರು ಇರಾನಿನ ಶಿರಾಜ್‌ನಿಂದ ಬೆಂಗಳೂರಿಗೆ ಬಂದು ಕುದುರೆಗಳ ವ್ಯಾಪಾರದಲ್ಲಿ ಹೆಸರು ಮಾಡಿದವರು. 1883ರಲ್ಲಿ ಜನಿಸಿದ ಮಿರ್ಜಾ ಅವರು ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಅರಮನೆಯ ಶಾಲೆಯಲ್ಲಿ ಕಲಿತರು. ಮುಂದೆ ಸಂಸ್ಥಾನದ ಸೇವೆಗೆ ಸೇರಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, ಕೊನೆಗೆ ದಿವಾನ್ ಪದವಿಗೇರಿದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ಪುರಭವನ ಮೊದಲಾದವು ಅವರ ಆಡಳಿತದ ಕಾಲದಲ್ಲಿ ಮೇಲೆದ್ದವು.

ಒಬ್ಬ ಹಿಂದೂ ಅರಸರು, ಬಹುಸಂಖ್ಯಾತ ಹಿಂದೂ ಪ್ರಜೆಗಳಿರುವ ರಾಜ್ಯದ ಆಡಳಿತವನ್ನು ಮುಸ್ಲಿಮರೊಬ್ಬರ ಕೈಗೆ ಒಪ್ಪಿಸಿದ್ದರು. ವದಂತಿಗೆ ಇದಕ್ಕಿಂತ ಫಲವತ್ತಾದ ನೆಲ ಬೇಕೆ? ಅಧಿಕಾರ ವಹಿಸಿಕೊಂಡು ಎರಡೇ ವರ್ಷಗಳಲ್ಲಿ, 1928ರಲ್ಲಿ, ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯದಲ್ಲಿ ವಿವಾದ ಹುಟ್ಟಿತು. ವಿದ್ಯಾರ್ಥಿಗಳು ಬೀದಿಗಿಳಿದರು, ವಿವಾದವು ಗಲಭೆಗೆ ತಿರುಗಿತು. ಸ್ಥಳೀಯ ಮಟ್ಟದಲ್ಲಿ ಬಗೆಹರಿಯಬಹುದಾಗಿದ್ದ ಒಂದು ಸಂಗತಿಗೆ ಬಹುಬೇಗ ಬೇರೊಂದು ಬಣ್ಣ ಬಂತು. ದಿವಾನರು ಮುಸ್ಲಿಮರಾದುದರಿಂದಲೇ ಹೀಗಾಯಿತು, ಅವರು ತಮ್ಮವರ ಪಕ್ಷ ವಹಿಸುತ್ತಿದ್ದಾರೆ ಎಂಬ ಮಾತು ಸಂಸ್ಥಾನದಲ್ಲೆಲ್ಲ ಹಬ್ಬಿತು. ಒಬ್ಬ ವ್ಯಕ್ತಿ ಏನು ಮಾಡಿದನೆಂಬುದಕ್ಕೆ ಬದಲಾಗಿ ಅವನು ಯಾರೆಂಬುದೇ ಅವನ ಮೇಲಿನ ಆರೋಪವಾಯಿತು. ಅಪಪ್ರಚಾರದ ಅತ್ಯಂತ ಹಳೆಯ ವಿಧಾನವಿದು.

ಆಗ ನಾಲ್ವಡಿಯವರು ಏನು ಮಾಡಿದರೆಂಬುದು ಗಮನಾರ್ಹ. ಕೂಗಿಗೆ ಬೆದರಿ ಅವರು ತಮ್ಮ ದಿವಾನರನ್ನು ಕಿತ್ತೊಗೆಯಲಿಲ್ಲ. ಹಾಗೆಂದು, ನನ್ನ ಬಾಲ್ಯದ ಗೆಳೆಯರ ಬಗ್ಗೆ ಯಾರೂ ಮಾತನಾಡಕೂಡದೆಂದು ವಿಚಾರಣೆಯ ಬಾಗಿಲನ್ನೂ ಮುಚ್ಚಲಿಲ್ಲ. ಘಟನೆಯ ವಿಚಾರಣೆಗೆ ಸಮಿತಿಯೊಂದು ರಚನೆಯಾಯಿತು. ಅದರ ಅಧ್ಯಕ್ಷತೆ ವಹಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1912ರಿಂದ 1918ರವರೆಗೆ ಸ್ವತಃ ದಿವಾನರಾಗಿದ್ದವರು, ಯಾರ ಮುಲಾಜಿಗೂ ಒಳಗಾಗದವರೆಂದು ನಾಡಿಗೆಲ್ಲ ಗೊತ್ತಿದ್ದವರು. ಸಮಿತಿಯು ಬಹಿರಂಗವಾಗಿ ವರದಿ ನೀಡಿತು. ಮಿರ್ಜಾ ಅವರು ದಿವಾನರಾಗಿಯೇ ಮುಂದುವರಿದರು. 1940ರ ಆಗಸ್ಟ್‌ನಲ್ಲಿ ಮಹಾರಾಜರು ನಿಧನರಾಗುವವರೆಗೂ ಆ ವಿಶ್ವಾಸ ಕದಲಲಿಲ್ಲ. ವಿಚಾರಣೆಗೆ ಅವಕಾಶ ನೀಡಿಯೂ ವಿಶ್ವಾಸವನ್ನು ಕಾಯ್ದುಕೊಳ್ಳಬಹುದು ಎಂಬುದಕ್ಕೆ ನಮ್ಮ ಊರಿನ ಅರಮನೆಯೇ ಸಾಕ್ಷಿ.

ಮಿರ್ಜಾ ಅವರ ಮುಂದಿನ ಬದುಕು ಇನ್ನೂ ದೊಡ್ಡ ಪಾಠವನ್ನು ಹೇಳುತ್ತದೆ. ಮೈಸೂರನ್ನು ಬಿಟ್ಟ ಮೇಲೆ ಅವರು ಜೈಪುರದ ಪ್ರಧಾನಮಂತ್ರಿಯಾದರು. ಇಂದಿಗೂ ಆ ನಗರದ ಮುಖ್ಯ ಬೀದಿ ಅವರ ಹೆಸರನ್ನೇ ಹೊತ್ತಿದೆ. ಆ ಬಳಿಕ 1946ರಲ್ಲಿ ಹೈದರಾಬಾದ್ ನಿಜಾಮರ ಪ್ರಧಾನಮಂತ್ರಿಯಾದರು. ಅಲ್ಲಿ ಅರಸರು ಮುಸ್ಲಿಮರು, ಪ್ರಧಾನಮಂತ್ರಿಯೂ ಮುಸ್ಲಿಮರು. ಇನ್ನಾದರೂ ಅವರಿಗೆ ನೆಮ್ಮದಿ ದೊರೆತೀತೆಂದು ನಾವು ಭಾವಿಸಬಹುದು. ಆದರೆ ದೊರೆಯಲಿಲ್ಲ. ಅಲ್ಲಿನ ಇತ್ತೆಹಾದುಲ್ ಮುಸ್ಲಿಮೀನ್ ಅವರನ್ನು ಮುಸ್ಲಿಮರ ಹಿತಕ್ಕೆ ವಿರೋಧಿಯೆಂದು ಜರೆಯಿತು. ಮುಹಮ್ಮದ್ ಅಲಿ ಜಿನ್ನಾ ಅವರಿಗೂ ಈ ನೇಮಕ ಹಿಡಿಸಿರಲಿಲ್ಲ. ಹೈದರಾಬಾದ್ ಭಾರತದೊಂದಿಗೆ ಹೊಂದಿಕೊಂಡು ಬಾಳಬೇಕೆಂಬ ಅವರ ವಿವೇಕದ ಮಾತು ಉಗ್ರವಾದಿಗಳಿಗೆ ದ್ರೋಹವಾಗಿ ಕಂಡಿತು. ಒಂದು ವರ್ಷವೂ ತುಂಬುವ ಮೊದಲೇ, 1947ರಲ್ಲಿ, ಅವರು ಆ ಪದವಿಯನ್ನು ತ್ಯಜಿಸಿದರು. ಮರುವರ್ಷ ಆ ಸಂಸ್ಥಾನಕ್ಕೆ ಮತ್ತು ಅಲ್ಲಿನ ಸಾಮಾನ್ಯ ಮುಸ್ಲಿಮರಿಗೆ ಎಂತಹ ದುರ್ದಿನಗಳು ಬಂದವೆಂಬುದನ್ನು ಕಲ್ಯಾಣ ಕರ್ನಾಟಕದ ಹಿರಿಯರು ಬಲ್ಲರು.

ಬೆಂಗಳೂರಿನಲ್ಲಿ ಮುಸ್ಲಿಮ್ ಪಕ್ಷಪಾತಿ ಎನಿಸಿಕೊಂಡವರೇ ಹೈದರಾಬಾದಿನಲ್ಲಿ ಮುಸ್ಲಿಮ್ ವಿರೋಧಿ ಎನಿಸಿಕೊಂಡರು. ಮನುಷ್ಯರು ಬದಲಾಗಿರಲಿಲ್ಲ, ಕೂಗುವವರ ಸ್ಥಾನ ಮಾತ್ರ ಬದಲಾಗಿತ್ತು. ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಪರರು ನಮ್ಮವರ ಮೇಲೆ ಹೊರಿಸುವ ಸುಳ್ಳುಗಳ ಬಗ್ಗೆ ನಾವು ನೊಂದು ಮಾತನಾಡುತ್ತೇವೆ. ನ್ಯಾಯವೇ. ಆದರೆ ನಮ್ಮವರೇ ನಮ್ಮವರ ಮೇಲೆ ಹೊರಿಸುವ ಸುಳ್ಳುಗಳ ಬಗ್ಗೆ ಏಕೆ ಮೌನ? ಚುನಾವಣೆ ಬಂದಾಗ ಒಂದೇ ಮೊಹಲ್ಲಾದ ಇಬ್ಬರು ಅಭ್ಯರ್ಥಿಗಳ ಬೆಂಬಲಿಗರು, ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಮಾಝ್ ಮಾಡಿದವರು, ಪರಸ್ಪರರ ನಾಯಕರನ್ನು 'ಬಿಕ್ ಗಯಾ' ಎಂದು ಜರೆಯುವುದನ್ನು ನಾವು ಕೇಳಿಲ್ಲವೆ? ಈ ಆರೋಪಕ್ಕೆ ಸಾಕ್ಷಿ ಕೇಳಿದರೆ, ಎಲ್ಲರಿಗೂ ಗೊತ್ತಿರುವ ವಿಷಯವೆಂಬ ಉತ್ತರ ಬರುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯವೆಂಬುದು ಸಾಕ್ಷಿಯಲ್ಲ. ಅದು ಅನೇಕ ಬಾಯಿಗಳಲ್ಲಿ ತಿರುಗಿದ ಒಂದೇ ಸುಳ್ಳಾಗಿರಲೂಬಹುದು.

ಇದು ಮದೀನಾದಲ್ಲಿಯೇ ನಡೆದುಹೋದ ಸಂಗತಿ. ಬನೂ ಮುಸ್ತಲಿಕ್ ಯಾತ್ರೆಯಿಂದ ಮರಳುವಾಗ ಕಳೆದುಹೋದ ಕಂಠಹಾರವನ್ನು ಹುಡುಕಲು ಹೋಗಿದ್ದ ಹಝ್ರತ್ ಆಯಿಶಾ(ರ) ಅವರು ತಂಡದಿಂದ ಹಿಂದುಳಿದರು. ಹಿಂದಿನಿಂದ ಬರುತ್ತಿದ್ದ ಸಫ್ವಾನ್(ರ) ಅವರು ಗೌರವದಿಂದ ತಮ್ಮ ಒಂಟೆಯ ಮೇಲೆ ಕರೆತಂದು ತಲುಪಿಸಿದರು. ಕಪಟವಿಶ್ವಾಸಿಗಳ ಮುಖಂಡನಾದ ಅಬ್ದುಲ್ಲಾ ಬಿನ್ ಉಬಯ್ಯ್ ಇಷ್ಟನ್ನೇ ಹಿಡಿದುಕೊಂಡು ಅಪವಾದ ಕಟ್ಟಿದನು. ಅವನ ಗುರಿ ಕೇವಲ ಒಬ್ಬ ಮಹಿಳೆಯ ಮಾನವಾಗಿರಲಿಲ್ಲ. ಪ್ರವಾದಿ(ಸ) ಅವರು ಮದೀನಾದ ನಾಯಕರೂ ಆಗಿದ್ದರು. ನಾಯಕರನ್ನು ನೇರವಾಗಿ ಎದುರಿಸಲಾಗದವನು ಅವರ ಮನೆಯ ಹೊಸ್ತಿಲಿಗೆ ಕೆಸರೆರಚಿದನು. ಇಂದಿಗೂ ನಾಯಕರನ್ನು ಕೆಡವಲು ಅವರ ಮನೆಯ ಹೆಣ್ಣುಮಕ್ಕಳ ಹೆಸರನ್ನು ಎಳೆದುತರುವವರು ತಾವು ಯಾರ ಹೆಜ್ಜೆಯಲ್ಲಿ ನಡೆಯುತ್ತಿದ್ದೇವೆಂದು ಯೋಚಿಸಲಿ.

ಸುಮಾರು ಒಂದು ತಿಂಗಳ ಕಾಲ ಆ ಮಾತು ಮದೀನಾದ ಬೀದಿಗಳಲ್ಲಿ ಸುತ್ತಾಡಿತು. ನೋವಿನ ಸಂಗತಿಯೆಂದರೆ, ಕೆಲವು ಸತ್ಯವಿಶ್ವಾಸಿಗಳ ನಾಲಗೆಯೂ ಅದರಲ್ಲಿ ಜಾರಿತು. ಆದರೆ ಅಬೂ ಅಯ್ಯೂಬ್ ಅನ್ಸಾರಿ(ರ) ಮತ್ತು ಅವರ ಪತ್ನಿಯ ಮನೆಯಲ್ಲಿ ಬೇರೆಯೇ ಮಾತು ನಡೆಯಿತು. ನೀನು ಇಂಥ ಕೃತ್ಯ ಮಾಡುತ್ತಿದ್ದೆಯಾ ಎಂದು ಅವರು ಪತ್ನಿಯನ್ನು ಕೇಳಿದರು. ಖಂಡಿತ ಇಲ್ಲವೆಂದು ಆಕೆ ಹೇಳಿದಾಗ, ಆಯಿಶಾ(ರ) ನಿನಗಿಂತ ಉತ್ತಮರು ಎಂದರು. ಎಷ್ಟು ಸರಳವಾದ ತರ್ಕ! ವದಂತಿಯನ್ನು ಕೇಳಿದಾಗ ಅವರು ಸುದ್ದಿಯ ರುಚಿಯನ್ನು ನೋಡಲಿಲ್ಲ. ತಾವು ಬಲ್ಲ ವ್ಯಕ್ತಿಯ ನಡತೆಯನ್ನು ನೋಡಿದರು. ಒಂದು ಸಾಮಾನ್ಯ ಕುಟುಂಬದ ಅಡುಗೆಮನೆಯಲ್ಲಿ ಗಂಡಹೆಂಡತಿಯರು ನಡೆಸಿದ ಈ ಸಂಭಾಷಣೆ ಲೋಕಾಂತ್ಯದವರೆಗೆ ಮಾದರಿಯಾಗಿ ಉಳಿಯಿತು.

ಆ ಬಳಿಕ ಅವತೀರ್ಣಗೊಂಡ ಅನ್ನೂರ್ ಅಧ್ಯಾಯದ 11ರಿಂದ 20ರವರೆಗಿನ ವಚನಗಳು ಆಯಿಶಾ(ರ) ಅವರನ್ನು ನಿರ್ದೋಷಿಯೆಂದು ಸಾರಿದ್ದಲ್ಲದೆ, ಕೇಳಿದವರನ್ನೂ ಪ್ರಶ್ನಿಸಿದವು. ಕೇಳಿದಾಗಲೇ ನಿಮ್ಮವರ ಬಗ್ಗೆ ಒಳ್ಳೆಯ ಭಾವನೆಯನ್ನು ಏಕೆ ತಾಳಲಿಲ್ಲ, ಇದು ಸ್ಪಷ್ಟ ಸುಳ್ಳೆಂದು ಏಕೆ ಹೇಳಲಿಲ್ಲ ಎಂಬುದು ಅಲ್ಲಾಹನ ಆಕ್ಷೇಪದ ಸಾರ. ಅರಿವಿಲ್ಲದ ವಿಷಯವನ್ನು ನಾಲಗೆಯಿಂದ ನಾಲಗೆಗೆ ದಾಟಿಸುವುದನ್ನು ನಾವು ಹಗುರವೆಂದು ಎಣಿಸುತ್ತೇವೆ. ಅಲ್ಲಾಹನ ಬಳಿ ಅದು ಭಾರವಾದ ಪಾಪ. ಆ ಕಾಲದಲ್ಲಿ ನಾಲಗೆಯಿಂದ ನಾಲಗೆಗೆ ದಾಟುತ್ತಿದ್ದುದು ಇಂದು ಬೆರಳಿನಿಂದ ಬೆರಳಿಗೆ ದಾಟುತ್ತಿದೆ. ನಾನು ಬರೆದಿಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೇ ಎಂದು ಹೇಳುವವರಿಗೆ ಈ ವಚನಗಳಲ್ಲಿ ಆಶ್ರಯವಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಈ ಘಟನೆಯ ಇನ್ನೊಂದು ಮುಖವನ್ನು ನಾವು ಮರೆಯುವಂತಿಲ್ಲ. ಅಪವಾದದಲ್ಲಿ ಪಾಲ್ಗೊಂಡಿದ್ದ ಮಿಸ್ತಹ್ ಅವರು ಹಝ್ರತ್ ಅಬೂಬಕರ್(ರ) ಅವರ ಬಂಧುವಾಗಿದ್ದರು. ಅವರ ಜೀವನೋಪಾಯ ಅಬೂಬಕರ್(ರ) ಅವರ ನೆರವಿನಿಂದಲೇ ನಡೆಯುತ್ತಿತ್ತು. ಮಗಳ ಮಾನಕ್ಕೆ ಕೈಹಾಕಿದವನಿಗೆ ಇನ್ನು ನೆರವು ನೀಡುವುದಿಲ್ಲವೆಂದು ಅವರು ಆಣೆಯಿಟ್ಟರು. ಯಾವ ತಂದೆ ತಾನೇ ಹಾಗೆ ಮಾಡಲಾರ? ಆದರೆ ಕ್ಷಮಿಸುವಂತೆ ಪ್ರೇರೇಪಿಸುವ ವಚನ ಅವತೀರ್ಣಗೊಂಡಾಗ ಅವರು ಆಣೆಯನ್ನು ಹಿಂತೆಗೆದುಕೊಂಡು ನೆರವನ್ನು ಮುಂದುವರಿಸಿದರು. ಅಪಪ್ರಚಾರದಲ್ಲಿ ಮೋಸಹೋದ ನಮ್ಮವರನ್ನು ಶಾಶ್ವತ ಶತ್ರುಗಳನ್ನಾಗಿ ಮಾಡಿಕೊಳ್ಳದಿರುವುದೂ ಈ ಪಾಠದ ಭಾಗವೇ ಆಗಿದೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಆಯಿಶಾ(ರ) ಅವರ ಪಾವಿತ್ರ್ಯಕ್ಕೆ ಅಲ್ಲಾಹನೇ ಸಾಕ್ಷಿ ನುಡಿದನು. ಇಂದಿನ ರಾಜಕೀಯ ನಾಯಕರಿಗೆ ಅಂತಹ ಸಾಕ್ಷಿ ಎಲ್ಲಿದೆ? ಅವರಲ್ಲಿ ತಪ್ಪು ಮಾಡುವವರೂ ಇದ್ದಾರಲ್ಲವೆ? ಎಲ್ಲ ಆರೋಪಗಳನ್ನೂ ಅಪಪ್ರಚಾರವೆಂದು ತಳ್ಳಿಹಾಕಿದರೆ ಬಡವರ ಹಕ್ಕನ್ನು ಕಬಳಿಸಿದವರಿಗೆ ನಾವೇ ರಕ್ಷಾಕವಚವಾದಂತೆ ಆಗುವುದಿಲ್ಲವೆ?

ಈ ಪ್ರಶ್ನೆಗೆ ಖಲೀಫಾ ಉಮರ್(ರ) ಅವರ ಆಡಳಿತದಲ್ಲಿ ಉತ್ತರವಿದೆ. ಕಾದಿಸಿಯ್ಯಾ ಯುದ್ಧದ ವಿಜೇತರೂ, ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರೂ ಆದ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರು ಕೂಫಾದ ರಾಜ್ಯಪಾಲರಾಗಿದ್ದರು. ಅಲ್ಲಿನ ಕೆಲವರು ಅವರ ವಿರುದ್ಧ ಖಲೀಫರಿಗೆ ದೂರಿತ್ತರು. ಅವರಿಗೆ ನಮಾಝನ್ನೂ ಸರಿಯಾಗಿ ಮಾಡಿಸಲು ಬಾರದೆಂಬವರೆಗೆ ದೂರು ಬೆಳೆದಿತ್ತು. ಉಮರ್(ರ) ಮೊದಲು ಸಅದ್(ರ) ಅವರನ್ನೇ ಕರೆಸಿ ಕೇಳಿದರು. ಪ್ರವಾದಿ(ಸ) ಅವರ ನಮಾಝಿನಂತೆಯೇ ಮಾಡಿಸುತ್ತಿದ್ದೇನೆ, ಮೊದಲ ಎರಡು ರಕ್‌ಅತ್‌ಗಳನ್ನು ದೀರ್ಘವಾಗಿಯೂ ಕೊನೆಯ ಎರಡನ್ನು ಸಂಕ್ಷಿಪ್ತವಾಗಿಯೂ ಮಾಡಿಸುತ್ತೇನೆ ಎಂದು ಅವರು ವಿವರಿಸಿದರು. ತಮಗೂ ಅವರ ಬಗ್ಗೆ ಇದೇ ಭಾವನೆ ಇದೆಯೆಂದು ಖಲೀಫರು ಹೇಳಿದರು. ಅಂದರೆ ಅವರ ಸದ್ಭಾವನೆ ಅಲುಗಲಿಲ್ಲ.

ಆದರೂ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೂಫಾಕ್ಕೆ ವಿಚಾರಣೆಗಾಗಿ ಜನರನ್ನು ಕಳುಹಿಸಿದರು. ಅವರು ಮಸೀದಿಯಿಂದ ಮಸೀದಿಗೆ ಹೋಗಿ ಎಲ್ಲರ ಮುಂದೆ ಕೇಳಿದರು. ಎಲ್ಲ ಕಡೆಯೂ ಪ್ರಶಂಸೆಯೇ ಕೇಳಿಬಂತು. ಬನೂ ಅಬ್ಸ್ ಗೋತ್ರದ ಮಸೀದಿಯಲ್ಲಿ ಮಾತ್ರ ಒಬ್ಬನು ಎದ್ದುನಿಂತು, ಸಅದ್(ರ) ಸೈನ್ಯದೊಂದಿಗೆ ಹೋಗುವುದಿಲ್ಲ, ಸಮನಾಗಿ ಹಂಚುವುದಿಲ್ಲ, ತೀರ್ಪಿನಲ್ಲಿ ನ್ಯಾಯ ಪಾಲಿಸುವುದಿಲ್ಲ ಎಂದು ಮೂರು ಆರೋಪಗಳನ್ನು ಹೊರಿಸಿದನು. ಸಅದ್(ರ) ಅವರ ಕೈಯಲ್ಲಿ ಅಧಿಕಾರವಿತ್ತು, ಬೆನ್ನಿಗೆ ಜನರಿದ್ದರು. ಅವರು ಅವನ ಮೇಲೆ ಯಾರನ್ನೂ ಛೂಬಿಡಲಿಲ್ಲ. ಇವನು ಸುಳ್ಳು ಹೇಳುತ್ತಿದ್ದರೆ ಇವನ ಆಯುಷ್ಯವನ್ನೂ ಬಡತನವನ್ನೂ ದೀರ್ಘಗೊಳಿಸಿ ಇವನನ್ನು ಪರೀಕ್ಷೆಗಳಿಗೆ ಒಡ್ಡು ಎಂದು ಅಲ್ಲಾಹನಲ್ಲಿ ಮೊರೆಯಿಟ್ಟರು. ಮುಪ್ಪಿನಲ್ಲಿ ಆ ವ್ಯಕ್ತಿ ಸಅದರ ಶಾಪ ತಟ್ಟಿತೆಂದು ತಾನೇ ಹೇಳಿಕೊಳ್ಳುತ್ತಿದ್ದನೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ.

ಉಮರ್(ರ) ಆಡಳಿತದ ಹಿತದೃಷ್ಟಿಯಿಂದ ಸಅದ್(ರ) ಅವರನ್ನು ಆ ಹುದ್ದೆಯಿಂದ ಬದಲಾಯಿಸಿದರು. ಆದರೆ ಅವರ ಮಾನವನ್ನು ಹಾಗೆಯೇ ಬಿಟ್ಟುಬಿಡಲಿಲ್ಲ. ತಮ್ಮ ಅಂತಿಮ ಗಳಿಗೆಯಲ್ಲಿ ಮುಂದಿನ ಖಲೀಫರನ್ನು ಆರಿಸಲು ನೇಮಿಸಿದ ಆರು ಮಂದಿಯಲ್ಲಿ ಸಅದ್(ರ) ಅವರನ್ನೂ ಸೇರಿಸಿದರು. ತಾವು ಅವರನ್ನು ಅಸಾಮರ್ಥ್ಯಕ್ಕಾಗಲಿ ವಂಚನೆಗಾಗಲಿ ತೆಗೆದಿರಲಿಲ್ಲವೆಂದು ಎಲ್ಲರೆದುರು ಸ್ಪಷ್ಟಪಡಿಸಿದರು. ಆರೋಪಿತರ ಮಾತನ್ನು ಮೊದಲು ಕೇಳುವುದು, ಬಹಿರಂಗವಾಗಿ ವಿಚಾರಿಸುವುದು, ನಿರ್ದೋಷಿಯೆಂದು ಕಂಡಾಗ ಅಷ್ಟೇ ಬಹಿರಂಗವಾಗಿ ಅವರ ಮಾನವನ್ನು ಮರಳಿಸುವುದು. ಇದೇ ಇಸ್ಲಾಮಿನ ವಫಾದಾರಿ. ನಮ್ಮಲ್ಲಿ ಮೂರನೆಯ ಹೆಜ್ಜೆಯಂತೂ ಪೂರ್ತಿ ಮರೆತುಹೋಗಿದೆ. ಆರೋಪವನ್ನು ಸಾವಿರ ಜನರಿಗೆ ಕಳುಹಿಸಿದವರು, ಅದು ಸುಳ್ಳೆಂದು ತಿಳಿದ ಮೇಲೆ ಹತ್ತು ಜನರಿಗಾದರೂ ತಿದ್ದುಪಡಿಯನ್ನು ಕಳುಹಿಸುತ್ತಾರೆಯೇ?

ವಿಮರ್ಶೆ ಬೇರೆ, ಅಪಪ್ರಚಾರ ಬೇರೆ. ಮಿರ್ಜಾ ಇಸ್ಮಾಯಿಲರ ವಿಷಯದಲ್ಲಿಯೂ ಈ ಭೇದವನ್ನು ಮರೆಯಬಾರದು. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು; ಹಲವರು ಪ್ರಾಣ ಕಳೆದುಕೊಂಡರು. ಆಗ ದಿವಾನರಾಗಿದ್ದವರು ಮಿರ್ಜಾ ಅವರೇ. ಸತ್ತವರ ಕುಟುಂಬಗಳೂ ಸ್ವಾತಂತ್ರ್ಯ ಹೋರಾಟಗಾರರೂ ಅವರ ಸರ್ಕಾರವನ್ನು ಕಟುವಾಗಿ ಪ್ರಶ್ನಿಸಿದರು. ಅದು ಅಪಪ್ರಚಾರವಾಗಿರಲಿಲ್ಲ, ಆಡಳಿತಗಾರರು ಉತ್ತರಿಸಲೇಬೇಕಾದ ಪ್ರಶ್ನೆಯಾಗಿತ್ತು. ವಿಚಾರಣೆ ನಡೆಯಿತು, ಸರ್ದಾರ್ ಪಟೇಲರು ಬಂದು ದಿವಾನರೊಂದಿಗೆ ಮಾತುಕತೆ ನಡೆಸಿದರು, ಸಂಸ್ಥಾನದ ಧ್ವಜದೊಂದಿಗೆ ರಾಷ್ಟ್ರಧ್ವಜವನ್ನೂ ಹಾರಿಸಲು ಒಪ್ಪಂದವಾಯಿತು. ನೀನು ಮುಸ್ಲಿಮನಾದುದರಿಂದ ಹೀಗೆ ಮಾಡಿದೆ ಎಂಬುದು ಅಪವಾದ. ನಿನ್ನ ಆಡಳಿತದಲ್ಲಿ ಜನರು ಏಕೆ ಸತ್ತರು ಎಂಬುದು ನ್ಯಾಯವಾದ ಪ್ರಶ್ನೆ. ಮಿರ್ಜಾ ಅವರನ್ನು ಗೌರವಿಸುವ ನಾವು ಎರಡನೆಯ ಪ್ರಶ್ನೆಯನ್ನು ಮೊದಲನೆಯದರ ಹೆಸರಿನಲ್ಲಿ ಅಡಗಿಸಬಾರದು.

ನಮ್ಮ ಉಲಮಾಗಳೂ ಈ ಗಡಿಯನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ಸಹೋದರನಲ್ಲಿ ಇರುವ ದೋಷವನ್ನು ಅವನ ಬೆನ್ನಹಿಂದೆ ಆಡುವುದು ಗೀಬತ್; ಇಲ್ಲದ ದೋಷವನ್ನು ಆರೋಪಿಸುವುದು ಬುಹ್ತಾನ್. ಎರಡೂ ನಿಷಿದ್ಧ. ಆದರೆ ಅನ್ಯಾಯಕ್ಕೊಳಗಾದವನು ಅಧಿಕಾರಿಗಳ ಮುಂದೆ ದೂರು ಸಲ್ಲಿಸುವುದು, ಕೆಡುಕನ್ನು ತಡೆಯಲು ಶಕ್ತರಾದವರಿಗೆ ತಿಳಿಸುವುದು, ಜನರು ಮೋಸಹೋಗದಂತೆ ಎಚ್ಚರಿಸುವುದು ಇವೇ ಮೊದಲಾದ ಸಂದರ್ಭಗಳು ಗೀಬತ್‌ನ ವ್ಯಾಪ್ತಿಗೆ ಬರುವುದಿಲ್ಲವೆಂದು ಇಮಾಮ್ ನವವಿಯವರು ರಿಯಾಝುಸ್ಸಾಲಿಹೀನ್‌ನಲ್ಲಿ ವಿವರಿಸಿದ್ದಾರೆ. ಆದ್ದರಿಂದ ದಾಖಲೆಯಿದ್ದವರು ದೂರು ಕೊಡಲಿ, ಲೋಕಾಯುಕ್ತಕ್ಕೆ ಹೋಗಲಿ, ನ್ಯಾಯಾಲಯಕ್ಕೆ ಹೋಗಲಿ, ಸಭೆಯಲ್ಲಿ ಎದ್ದುನಿಂತು ಮುಖಕ್ಕೆ ಮುಖ ಕೊಟ್ಟು ಕೇಳಲಿ. ದಾಖಲೆಯಿಲ್ಲದವರು ಬಾಯಿ ಮುಚ್ಚಿಕೊಳ್ಳಲಿ.

ನಮ್ಮವನೆಂಬ ಒಂದೇ ಕಾರಣಕ್ಕೆ ತಪ್ಪಿತಸ್ಥನನ್ನು ಸಮರ್ಥಿಸುವುದನ್ನೂ ಕುರ್‌ಆನ್ ಕಠಿಣವಾಗಿ ತಡೆದಿದೆ. ಅನ್ನಿಸಾ ಅಧ್ಯಾಯದ 105ನೆಯ ವಚನ ಮತ್ತು ಅದರ ಮುಂದಿನ ವಚನಗಳ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ಹೀಗೆ ಹೇಳುತ್ತಾರೆ: ಮುಸ್ಲಿಮನೆನಿಸಿಕೊಂಡ ಒಬ್ಬನು ಕಳವು ಮಾಡಿ ಅದನ್ನು ಒಬ್ಬ ಯಹೂದಿಯ ತಲೆಗೆ ಕಟ್ಟಿದನು. ಅವನ ಕುಲದವರು ಒಟ್ಟಾಗಿ ಬಂದು ತಮ್ಮವನ ಪರವಾಗಿ ವಾದಿಸಿದರು. ಆಗ ಅವತೀರ್ಣಗೊಂಡ ವಚನಗಳು ವಂಚಕರ ಪರ ವಾದಿಸುವುದನ್ನು ನಿಷೇಧಿಸಿ, ನಿರಪರಾಧಿಯನ್ನು ಅಪವಾದದಿಂದ ಮುಕ್ತಗೊಳಿಸಿದವು. ಸಮುದಾಯನಿಷ್ಠೆಗಿಂತ ನ್ಯಾಯನಿಷ್ಠೆ ದೊಡ್ಡದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಅಕ್ರಮಿಯಾದ ಸಹೋದರನಿಗೂ ನೆರವಾಗಬೇಕು, ಆದರೆ ಆ ನೆರವೆಂದರೆ ಅವನ ಕೈಯನ್ನು ಅಕ್ರಮದಿಂದ ತಡೆಯುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಖಿಲಾಫತ್ ವಹಿಸಿಕೊಂಡ ದಿನ ಅಬೂಬಕರ್(ರ) ಅವರು ಜನರಿಂದ ಕೇಳಿದ್ದೂ ಇದನ್ನೇ. ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬುದು ಅವರ ಮಾತಿನ ಭಾವವಾಗಿತ್ತು.

ವದಂತಿಯ ಬೆಲೆಯನ್ನು ತೆತ್ತವರಲ್ಲಿ ನಾವೇ ಮೊದಲಿಗರು. ಹಝ್ರತ್ ಉಸ್ಮಾನ್(ರ) ಅವರ ವಿರುದ್ಧ ಪ್ರಾಂತ್ಯ ಪ್ರಾಂತ್ಯಗಳಲ್ಲಿ ಹಬ್ಬಿಸಲಾದ ಮಾತುಗಳು ಕೊನೆಗೆ ಅವರ ಮನೆಗೆ ಮುತ್ತಿಗೆಯಾಗಿ, ಹಿಜ್ರಿ 35ರಲ್ಲಿ ಅವರ ಹುತಾತ್ಮತೆಯಲ್ಲಿ ಮುಗಿದವು. ಅಂದು ಬಿದ್ದ ಬಿರುಕು ಇಂದಿಗೂ ಕೂಡಿಲ್ಲ. ನಮ್ಮ ಕಾಲದಲ್ಲಿ 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ರೈಲು ಹತ್ತಿ ಬೆಂಗಳೂರನ್ನು ತೊರೆದರು. ಮುಸ್ಲಿಮರು ದಾಳಿ ಮಾಡುತ್ತಾರೆಂಬುದೇ ಆ ವದಂತಿ. 2020ರಲ್ಲಿ ಕೊರೋನಾ ಕಾಲದಲ್ಲಿ ರೋಗವನ್ನು ಹರಡುವವರು ನಾವೇ ಎಂಬ ಸುಳ್ಳಿನಿಂದಾಗಿ ತಳ್ಳುಗಾಡಿಯ ತರಕಾರಿ ವ್ಯಾಪಾರಿಗಳು ಅವಮಾನ ಅನುಭವಿಸಿದರು. ಇಷ್ಟನ್ನು ಅನುಭವಿಸಿದ ಸಮುದಾಯವು ಇನ್ನೊಬ್ಬರ ಬಗ್ಗೆ, ಅವರು ನಮ್ಮ ಪಕ್ಷದವರಾಗಲಿ ವಿರೋಧ ಪಕ್ಷದವರಾಗಲಿ, ಮುಸ್ಲಿಮರಾಗಲಿ ಮುಸ್ಲಿಮೇತರರಾಗಲಿ, ಪರಿಶೀಲಿಸದ ಮಾತನ್ನು ಹಬ್ಬಿಸುವುದು ಎಂತಹ ವಿಪರ್ಯಾಸ!

ಅಪಪ್ರಚಾರಕ್ಕೆ ಕೊಡುವ ಉತ್ತರವೂ ಧರ್ಮದ ಮಿತಿಯಲ್ಲಿರಬೇಕು. 2025ರ ಫೆಬ್ರವರಿಯಲ್ಲಿ ನಮ್ಮ ಉದಯಗಿರಿಯಲ್ಲಿ ಸಾಮಾಜಿಕ ಜಾಲತಾಣದ ಒಂದು ಆಕ್ಷೇಪಾರ್ಹ ಪೋಸ್ಟ್‌ನಿಂದ ಕೆರಳಿದ ಜನರು ಪೊಲೀಸ್ ಠಾಣೆಯ ಮುಂದೆ ಸೇರಿದರು. ಕಲ್ಲು ತೂರಾಟ ನಡೆದು ಪೊಲೀಸರು ಗಾಯಗೊಂಡರು. ತಪ್ಪು ಒಬ್ಬನ ಪೋಸ್ಟ್‌ನಿಂದ ಆರಂಭವಾಗಿತ್ತು. ಕಲ್ಲು ಬಿದ್ದ ಮೇಲೆ ಚರ್ಚೆಯೆಲ್ಲ ಕಲ್ಲಿನ ಬಗ್ಗೆಯೇ ನಡೆಯಿತು. ಅವಮಾನಕ್ಕೊಳಗಾದವರು ಆರೋಪಿಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ಆ ಬಳಿಕ ಬಂಧನ, ಜಾಮೀನು ಎಂದು ಅಲೆಯುವವರು ಮನೆಯ ತಾಯಂದಿರು ಎಂಬುದನ್ನು ಕಲ್ಲೆತ್ತುವ ಕೈ ನೆನೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಗೆ ಸಂಬಂಧಿಸಿದ್ದು; 353ನೆಯ ಕಲಮು ಸಾರ್ವಜನಿಕ ಶಾಂತಿಯನ್ನು ಕದಡುವ ಸುಳ್ಳು ಹೇಳಿಕೆಗಳಿಗೆ ಸಂಬಂಧಿಸಿದ್ದು. ನಾಯಕರ ಮೇಲೆ ಸುಳ್ಳು ಹೊರಿಸಿದಾಗ ಅವರ ಅಭಿಮಾನಿಗಳು ಮಾಡಬೇಕಾದುದು ಸಂದೇಶದ ಪ್ರತಿಯನ್ನು ಉಳಿಸಿಕೊಂಡು ವಕೀಲರ ಮೂಲಕ ಕಾನೂನಿನ ಬಾಗಿಲು ತಟ್ಟುವುದು, ಬೀದಿಯಲ್ಲಿ ಗುಂಪುಗೂಡುವುದಲ್ಲ.

ಇನ್ನು ಮನೆಯಲ್ಲಿ ನಾವು ಮಾಡಬಹುದಾದ ಕೆಲಸ. ಅನ್ನಿಸಾ ಅಧ್ಯಾಯದ 83ನೆಯ ವಚನವು ಭಯದ ಅಥವಾ ಅಭಯದ ಸುದ್ದಿ ಬಂದೊಡನೆ ಹಬ್ಬಿಸುವವರನ್ನು ಖಂಡಿಸಿ, ಅದನ್ನು ಬಲ್ಲವರ ಮುಂದಿಡಬೇಕೆಂದು ಬೋಧಿಸುತ್ತದೆ. ಅಲ್‌ಹುಜುರಾತ್ ಅಧ್ಯಾಯದ 6ನೆಯ ವಚನವು ನಂಬಿಕೆಗೆ ಅರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ಕ್ರಮ ಕೈಗೊಂಡರೆ ಮುಂದೆ ಪಶ್ಚಾತ್ತಾಪಪಡಬೇಕಾದೀತೆಂದು ಎಚ್ಚರಿಸುತ್ತದೆ. ಊಟಕ್ಕೆ ಕುಳಿತಾಗ ಮಗನು ಇಂತಹ ಸುದ್ದಿಯನ್ನು ಓದಿ ಹೇಳಿದರೆ ತಂದೆ ಕೇಳಲಿ: ಬೇಟಾ, ಇದನ್ನು ಬರೆದವರು ಯಾರು? ಅವರಿಗೆ ಹೇಗೆ ತಿಳಿಯಿತು? ಆ ನಾಯಕರ ಉತ್ತರವನ್ನು ನೀನು ಓದಿದೆಯಾ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಸುದ್ದಿ ಅಲ್ಲಿಯೇ ನಿಲ್ಲಲಿ. ಅಬೂ ಅಯ್ಯೂಬರ ಮನೆಯಲ್ಲಿ ಅದು ಹಾಗೆಯೇ ನಿಂತಿತ್ತು.

ಪರಲೋಕದಲ್ಲಿ ಯಾರು ದಿವಾಳಿಯಾಗುತ್ತಾರೆಂದು ಪ್ರವಾದಿ(ಸ) ಒಮ್ಮೆ ಅನುಚರರಿಗೆ ವಿವರಿಸಿದರು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಒಬ್ಬರನ್ನು ಬೈದು, ಇನ್ನೊಬ್ಬರ ಮೇಲೆ ಅಪವಾದ ಹೊರಿಸಿ, ಮತ್ತೊಬ್ಬರ ಹಕ್ಕನ್ನು ಕಸಿದು ಬಂದವನು. ಅವನ ಪುಣ್ಯಗಳೆಲ್ಲ ಅವರಿಗೆ ಹಂಚಿಹೋಗಿ, ಕೊನೆಗೆ ಅವರ ಪಾಪಗಳು ಇವನ ಹೆಗಲೇರುತ್ತವೆ. ರಮಝಾನಿನ ಮೂವತ್ತು ದಿನಗಳ ಹಸಿವನ್ನು ಒಂದು ವಾಟ್ಸ್ಆ್ಯಪ್ ಸಂದೇಶಕ್ಕೆ ಬಲಿಕೊಡುವಷ್ಟು ಶ್ರೀಮಂತರೇ ನಾವು? ನಾವು ಮತ ಹಾಕದ ನಾಯಕರು, ನಾವು ಎಂದೂ ಭೇಟಿಯಾಗದ ಅವರ ಪತ್ನಿ ಮತ್ತು ಮಕ್ಕಳು ಆ ದಿನ ನಮ್ಮ ಮುಂದೆ ನಿಂತು ತಮ್ಮ ಮಾನದ ಲೆಕ್ಕ ಕೇಳಿದರೆ ನಾವು ಏನೆಂದು ಉತ್ತರಿಸೋಣ?

ನಾಯಕರ ಬಗೆಗಿನ ನಿಷ್ಠೆಯೆಂದರೆ ಅವರ ಭಾವಚಿತ್ರಕ್ಕೆ ಹಾಲೆರೆಯುವುದಲ್ಲ, ಅವರ ತಪ್ಪುಗಳಿಗೆ ತೆರೆ ಎಳೆಯುವುದೂ ಅಲ್ಲ. ಸಾಕ್ಷಿ ಬರುವವರೆಗೆ ಅವರ ಮಾನವನ್ನು ನಮ್ಮ ಸಹೋದರನ ಮಾನದಂತೆ ಕಾಯುವುದು. ಸಾಕ್ಷಿ ಬಂದಾಗ ನಮ್ಮ ಸಹೋದರನನ್ನು ಪ್ರಶ್ನಿಸುವಂತೆಯೇ ಅವರನ್ನೂ ಪ್ರಶ್ನಿಸುವುದು. ಬೃಂದಾವನದ ಕಾರಂಜಿಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುವಾಗ, ಇದನ್ನು ಕಟ್ಟಿಸಿದವರು ಎರಡೂ ಕಡೆಯವರ ನಿಂದೆಯನ್ನು ಕೇಳಬೇಕಾಯಿತೆಂದು, ಅವರ ಅರಸರು ವದಂತಿಯನ್ನು ಕೇಳಿ ಗೆಳೆಯನನ್ನು ಬಿಡಲಿಲ್ಲವೆಂದು ಆ ಮಕ್ಕಳಿಗೆ ಹೇಳೋಣ.

ಅಲ್ಲಾಹನು ನಮ್ಮ ನಾಲಗೆಗಳನ್ನೂ ಬೆರಳುಗಳನ್ನೂ ಬುಹ್ತಾನ್‌ನಿಂದ ಕಾಪಾಡಲಿ. ನಮ್ಮ ನಾಯಕರಿಗೆ ಪ್ರಾಮಾಣಿಕತೆಯನ್ನೂ, ನಮಗೆ ಅವರ ಬಗ್ಗೆ ನ್ಯಾಯವಾಗಿ ನಡೆದುಕೊಳ್ಳುವ ತೌಫೀಕನ್ನೂ ದಯಪಾಲಿಸಲಿ. ಆಮೀನ್.